ಮನಸ್ಸಿನ ಪಾಠಕ್ಕೆ ಬಂದವರು

ಸೈಕಾಲಜಿ ಟ್ಯೂಷನ್ ಹೇಳುವವರ ಹಣೆಯಲ್ಲಿ ದೇವರು ನೆಮ್ಮದಿ ಒಂದನ್ನು ಬರೆಯುವುದಿಲ್ಲ. ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಡೆದದ್ದನ್ನು ಹೇಳಿದರೆ ನಮ್ಮ ಯಜಮಾನರೇ ಇವತ್ತಿಗೂ "ಬುರುಡೆ ಬಿಡಬೇಡ" ಅನ್ನುತ್ತಾರೆ. ಅದರಲ್ಲೂ ಒಬ್ಬ ಹುಡುಗಿಯ ಮನೆಯವರು ನನ್ನನ್ನು ಅರೆದುಬಿಟ್ಟರು.

೧. ಕಡಸು

ಹುಡುಗಿಯ ಅಪ್ಪ ಕಾರಮಡೈ ಕಡೆಯ ರೈತರು. ನಮ್ಮ ಹಾಗೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು.

"ಇವಳಿಗೆ ಇದು ಕಾಲೇಜಿನ ಕಡೇ ವರ್ಷ ಟೀಚರ್. ಪಾಸಾದ್ರೆ ಮುಂದೆ ಓದ್ಲಿ. ಫೇಲಾದ್ರೆ ಉಡುಮಲೈಪೇಟೆಯ ಸೋದರಮಾವನಿಗೆ ಕೊಟ್ಟು ಮದುವೆ ಮುಗಿಸ್ತೀನಿ" ಅಂದರು. ಹುಡುಗಿಯ ಮುಖ ನೋಡಿ ಅವತ್ತೇ ಪಾಠಕ್ಕೆ ಸೇರಿಸಿಕೊಂಡೆ.

ಮರುವಾರ ಅವರೇ ಒಂದು ಕಡಸನ್ನು ಹೊಡೆದುಕೊಂಡು ಬಂದು ನಮ್ಮ ಗೇಟಿಗೆ ಕಟ್ಟಿದರು. "ನನ್ನ ಭಾಮೈದ ಬಂದ್ರೆ ಮಾತ್ರ ಒದೀತದೆ. ಇದರ ಮನಸ್ಸಲ್ಲಿ ಏನಿದೆ ನೋಡಿ."

ಭಾಮೈದ ಅಂದರೆ ಅದೇ ಸೋದರಮಾವ. ಕಡಸಿನ ಮನಸ್ಸು ನನಗೆ ಚೆನ್ನಾಗೇ ತಿಳಿಯಿತು. ಆದರೂ "ನಾನು ಮಕ್ಕಳಿಗೆ ಮಾತ್ರ ಪಾಠ ಹೇಳೋದು" ಅಂದೆ.

"ಇದಕ್ಕಿನ್ನೂ ಹಾಲುಹಲ್ಲೇ ಬಿದ್ದಿಲ್ಲ. ಹಿಂದಿನ ಸಾಲಲ್ಲಿ ನಿಂತ್ಕೊಂಡು ಕೇಳ್ಲಿ ಬಿಡಿ."

೨. ಮಾವ

ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿಯೊಬ್ಬರೂ ತಮ್ಮ ಪ್ರಯೋಗಕ್ಕೆ ಒಬ್ಬ ಮನುಷ್ಯನನ್ನು ಕರೆತರಬೇಕಿತ್ತು. ಅಪ್ಪ ಆ ಮಾವನನ್ನೇ ಕಳಿಸಿದರು. ನಾನು ಅಭ್ಯಾಸಕ್ಕೆ ಕೂರಿಸಿಕೊಂಡೆ. "ನಾನೊಂದು ಮಾತು ಹೇಳ್ತೀನಿ. ತಟ್ಟನೆ ತೋಚಿದ್ದು ಹೇಳಿ. ಮರ."

"ಮದುವೆ."

"ನೀರು."

"ಮದುವೆ."

ನನಗೆ ರೇಗಿತು. "ಸಾವು" ಅಂದೆ.

ಮಾವ ಸ್ವಲ್ಪ ಯೋಚಿಸಿದ. "ಸಾವಾದ ಮನೇಲಿ ವರ್ಷದೊಳಗೆ ಮದುವೆ ಮಾಡ್ಬಿಡ್ಬೇಕು."

೩. ಅಜ್ಜಿ

ಮಾವ ಬೇಡವೆಂದು ಹುಡುಗಿ ತನ್ನ ಅಜ್ಜಿಯನ್ನು ಕರೆತಂದಳು. ಪರೀಕ್ಷೆಯ ದಿನ ಅಜ್ಜಿಗೆ ಜೊತೆಯಾಗಿ ನಾನೂ ಕಾಲೇಜಿಗೆ ಹೋಗಿ ಬಾಗಿಲ ಬಳಿ ನಿಂತೆ. ಪ್ರಯೋಗ ಬಲು ಸುಲಭ. ಮುಂದಿರುವ ಪುಟ್ಟ ಬಲ್ಬು ಹತ್ತಿದ ತಕ್ಷಣ ಅಜ್ಜಿ ಗುಂಡಿ ಒತ್ತಬೇಕು. ಎಷ್ಟು ಬೇಗ ಒತ್ತಿದರು ಅಂತ ಹುಡುಗಿ ಗಡಿಯಾರದಲ್ಲಿ ನೋಡಬೇಕು.

ಬಲ್ಬು ಹತ್ತಿತು. ಅಜ್ಜಿ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಕೆನ್ನೆ ಮುಟ್ಟಿಕೊಂಡು, ಆಮೇಲೆ ನಿಧಾನವಾಗಿ ಗುಂಡಿ ಒತ್ತಿದರು. ಮತ್ತೆ ಹತ್ತಿಸಿದರೆ ಮತ್ತೆ ಅದೇ. ಹುಡುಗಿ ಅಳುವುದೊಂದು ಬಾಕಿ.

ಪರೀಕ್ಷೆ ಮಾಡಲು ಹೊರಗಿನಿಂದ ಬಂದಿದ್ದ ಪ್ರೊಫೆಸರು ಮುಖ ಗಂಟಿಕ್ಕಿದರು. "ಹಿಂಗಾದ್ರೆ ಮಾರ್ಕು ಹಾಕೋಕಾಗಲ್ಲ. ಅಜ್ಜಿ, ಮೊದಲು ಗುಂಡಿ ಒತ್ತಬೇಕು" ಅಂತ ತಮಿಳಿನಲ್ಲಿ ಹೇಳಿದರು.

"ದೀಪ ಹತ್ತಿದಾಗ ಕೈ ಮುಗೀದೆ ಬೇರೆ ಕೆಲ್ಸಕ್ಕೆ ಕೈ ಹಾಕ್ತಾರಾ ಸಾಮಿ? ನಿಮ್ಮನೇಲಿ ಹಂಗಾ?" ಅಜ್ಜಿಯೂ ತಮಿಳಿನಲ್ಲೇ ಕೇಳಿದರು.

"ಏಳಿ, ನಾನು ತೋರಿಸ್ತೀನಿ" ಅಂತ ಪ್ರೊಫೆಸರು ತಾವೇ ಆ ಕುರ್ಚಿಯಲ್ಲಿ ಕೂತರು. ಅಜ್ಜಿ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು ದಿಟ್ಟಿಸಿದರು. ಹುಡುಗಿ ಬಲ್ಬು ಹತ್ತಿಸಿದಳು.

ಪ್ರೊಫೆಸರ ಬೆರಳು ಗುಂಡಿಯ ತನಕ ಹೋಗಿ ನಿಂತಿತು. ಅಜ್ಜಿ ಗಂಟಲು ಸರಿಮಾಡಿಕೊಂಡರು. ಪ್ರೊಫೆಸರು ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, ದೀಪಕ್ಕೆ ಮುಗಿದರು. ಕೆನ್ನೆಯನ್ನೂ ಮುಟ್ಟಿಕೊಂಡರು. ಗುಂಡಿ ಒತ್ತುವುದನ್ನು ಮರೆತೇಬಿಟ್ಟರು.

ಅಜ್ಜಿಗೆ ಪರಮ ಸಂತೋಷ. ಮೊಮ್ಮಗಳ ಕಡೆ ತಿರುಗಿ ಹೇಳಿದರು: "ಒಳ್ಳೆ ಮನೆ ಹುಡುಗ ಕಣೇ, ಇವನನ್ನ ಪಾಸ್ ಮಾಡ್ಬಿಡು."

ಅವತ್ತು ಇಬ್ಬರೂ ಪಾಸು.