ಉಪ್ಪುನೀರಿಗೆ ಪಾಠ ಹೇಳಿದ್ದು

ಅನುಗೊಂಡನಹಳ್ಳಿಯ ಹತ್ತಿರ ಮನೆ ಕಟ್ಟಿ ಬೋರ್‌ವೆಲ್ ಕೊರೆಸಿದೆವು. ನೀರು ಬಂತು. ಬೀದಿಯವರೆಲ್ಲ ಬೊಗಸೆಯಲ್ಲಿ ಹಿಡಿದು ರುಚಿ ನೋಡಿ ಉಗಿದರು. ಅಷ್ಟು ಉಪ್ಪು!

"ಇದು ಕೆಲ್ಸಕ್ಕೆ ಬಾರದ ನೀರು, ಮುಚ್ಚಿಸ್ಬಿಡಿ ಮೇಷ್ಟ್ರೇ" ಎಂದ ಪಕ್ಕದ ಮನೆಯ ಮುನಿರಾಜ.

ಮೂವತ್ತು ವರ್ಷ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ ಆ ಅಜ್ಞಾನಿಯ ಮೇಲೆ ಮರುಕ ಹುಟ್ಟಿತು. "ನೀರು ಆವಿಯಾದ್ರೆ ಉಪ್ಪು ಕೆಳಗೇ ಉಳಿಯುತ್ತೆ ಕಣಯ್ಯಾ. ಎಂಟನೇ ಕ್ಲಾಸಿನ ಪಾಠ. ನಿಂಗೆ ಯಾವ ದಡ್ಡ ಹೇಳ್ಕೊಟ್ಟಿದ್ನೋ!"

ಹೇಳಿಕೊಟ್ಟಿದ್ದು ನಾನೇ ಎಂಬುದು ಆಮೇಲೆ ನೆನಪಾಯಿತು.

ತಾರಸಿಯ ಮೇಲೆ ಕಪ್ಪು ಬಣ್ಣ ಬಳಿದ ತಟ್ಟೆಯಲ್ಲಿ ಬೋರ್ ನೀರು ತುಂಬಿಟ್ಟು, ಅದರ ಮೇಲೆ ಓರೆಯಾಗಿ ಗಾಜು ಮುಚ್ಚಿ ಯಂತ್ರವನ್ನು ಸ್ಥಾಪಿಸಿದೆ.

"ನನ್ ಶೋಕೇಸಿನ ಬಾಗ್ಲು ಎಲ್ರೀ?" ಹೆಂಡತಿ ಸರೋಜ ಕೂಗಿದಳು.

"ಲೋಕಕಲ್ಯಾಣಕ್ಕೆ ವಿನಿಯೋಗವಾಗಿದೆ!"

ದಿನವಿಡೀ ಉರಿದ ಸೂರ್ಯ ಸಂಜೆಗೆ ಒಂದು ಚೊಂಬು ನೀರು ದಯಪಾಲಿಸಿದ. ಮುನಿರಾಜನಿಗೆ ತೀರ್ಥದಂತೆ ಒಂದು ಚಮಚ ಕೊಟ್ಟೆ. ಚಪ್ಪರಿಸಿ ಹೇಳಿದ, "ಚೆನ್ನಾಗದೆ. ಆದ್ರೆ ಇದಕ್ಕಿಂತ ನಂಗೆ ಬೆವರೇ ಜಾಸ್ತಿ ಬರ್ತದೆ ಮೇಷ್ಟ್ರೇ!"

ಹೀಗೇ ಮೂರ್ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮಗಳು ವೀಣಾಳನ್ನು ನೋಡಲು ನೆಲಮಂಗಲದಿಂದ ಗಂಡಿನ ಕಡೆಯವರು ಬರುವುದು ಗೊತ್ತಾಯಿತು. ಸರೋಜ ಕ್ಯಾನ್ ನೀರು ತರಿಸಿದಳು. ವಿಜ್ಞಾನಿಯ ಮನೆಗೆ ಕ್ಯಾನ್ ನೀರೇ? ಬಾಗಿಲಿಗೆ ಬಂದ ಗಾಡಿಯನ್ನು ಹಾಗೆಯೇ ವಾಪಸ್ ಕಳಿಸಿದೆ. ವಾರವಿಡೀ ಕೂಡಿಟ್ಟ ಒಂದು ಕೊಡ ನನ್ನ ನೀರಿತ್ತಲ್ಲ!

ಐದು ಜನ ಬರಬೇಕಿತ್ತು. ವ್ಯಾನಿನಿಂದ ಹದಿನಾಲ್ಕು ಜನ ಇಳಿದರು. ಬಾಯಾರಿ ಬಂದಿದ್ದರು. ನನ್ನ ನೀರನ್ನು ಹೊಗಳುತ್ತಲೇ ಕೊಡದ ತಳ ಕಾಣಿಸಿದರು.

ಕಾಫಿಗೆ ನೀರಿಲ್ಲ. ಸರೋಜ ಅತ್ತ ತಿರುಗಿದಾಗ ನಾನು ಪಾತ್ರೆಗೆ ನಲ್ಲಿ ನೀರನ್ನೇ ಹಿಡಿದೆ. ಸಕ್ಕರೆ ಜಾಸ್ತಿ ಹಾಕಿದರೆ ಉಪ್ಪು ಅಡಗುತ್ತದೆ ಎಂಬುದು ನನ್ನ ಸಿದ್ಧಾಂತ.

ಉಪ್ಪು ಅಡಗಲಿಲ್ಲ!

ಗಂಡಿನ ತಂದೆ ಸಭ್ಯರು, ಕಣ್ಣು ಮುಚ್ಚಿ ನುಂಗಿದರು. ಅಜ್ಜಿ ಕೆಮ್ಮಿ ರೇಷ್ಮೆ ಸೀರೆಗೆಲ್ಲ ಸಿಂಪಡಿಸಿದರು. ತಾಯಿ ಲೋಟ ಕೆಳಗಿಟ್ಟು, "ನಿಮ್ ಕಡೆ ಕಾಫಿಗೂ ಉಪ್ಪು ಹಾಕ್ತೀರಾ?" ಎಂದರು. ಸರೋಜಳ ಮುಖ ಬಿಳುಚಿಕೊಂಡಿತು. ಕೂಡಿಬಂದಿದ್ದ ಸಂಬಂಧ ಕಣ್ಣೆದುರೇ ಕೈಜಾರುತ್ತಿತ್ತು.

ನನ್ನ ಘನತೆ ಉಳಿಸಿಕೊಳ್ಳಲು ಅವರನ್ನೆಲ್ಲ ತಾರಸಿಗೆ ಹತ್ತಿಸಿ ಆವೀಕರಣದ ಬಗ್ಗೆ ಭಾಷಣ ಆರಂಭಿಸಿದೆ. ಯಾರೂ ಕೇಳಲಿಲ್ಲ. ಎಲ್ಲರೂ ಹಿತ್ತಿಲಿಗೆ ಬಗ್ಗಿ ನೋಡುತ್ತಿದ್ದರು. ಕೆಳಗೆ ಸೊಂಪಾದ ಬೀಟ್‌ರೂಟ್ ಪಾತಿ!

"ಇದಕ್ಕೆ ಯಾವ ನೀರಮ್ಮಾ?" ಗಂಡಿನ ತಾಯಿ ಕೇಳಿದರು.

"ಅದೇ ಬೋರ್ ನೀರು ಆಂಟಿ" ಎಂದಳು ವೀಣಾ. "ಮೊದ್ಲು ಹುರುಳಿಕಾಯಿ ಹಾಕ್ದೆ, ಸುಟ್ಟೋಯ್ತು. ಬೀಟ್‌ರೂಟ್ ತಡ್ಕೊಳ್ತು. ಅಪ್ಪ ಮೇಲೆ ಪಾಠ ಹೇಳ್ತಿದ್ದಾಗ ನಾನು ಕೆಳಗೆ ನೀರು ಹಾಯಿಸ್ತಿದ್ದೆ."

ಆಕೆ ನಕ್ಕುಬಿಟ್ಟರು. ಹುಡುಗನೂ ನಕ್ಕ. ವೀಣಾಳೂ ಓರೆಗಣ್ಣಲ್ಲಿ ಅವನನ್ನು ನೋಡಿ ನಕ್ಕಳು. ಸಂಬಂಧ ಕುದುರಿತು!

ಗಂಡಿನ ಕಡೆಯವರದು ಒಂದೇ ಷರತ್ತು: ಮದುವೆಯ ದಿನ ಹೆಣ್ಣಿನ ತಂದೆ ಅಡುಗೆಮನೆಯ ಹತ್ತಿರ ಸುಳಿಯಬಾರದು.

ನಾನು ತಕ್ಷಣ ಒಪ್ಪಿದೆ. ಒಪ್ಪದೆ ಏನು ಮಾಡಲಿ? ಆ ಕಾಫಿಯನ್ನು ನಾನೂ ಕುಡಿದಿದ್ದೆ!