ಕ್ಯಾಮೆರಾದ ಹೊಟ್ಟೆಯೊಳಗಿನ ರಾಹುಕಾಲ

ಹನ್ನೊಂದು ಗಂಟೆಯನ್ನು ಹತ್ತು ಮಾಡುವುದು ಏನು ಮಹಾ ವಿದ್ಯೆ ಎಂದುಕೊಂಡಿದ್ದೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಿಜ. ಆದರೆ ಗಡಿಯಾರ ನೋಡಲು ಚೆನ್ನಾಗಿ ಬರುತ್ತದೆ!

ಅಂದು ನನ್ನ ಮೊಮ್ಮಗಳಿಗೆ ಕಿವಿ ಚುಚ್ಚುವ ದಿನ. ಆ ಮಗುವಿನ ಬುದ್ಧಿ ಏನು ಹೇಳಲಿ! ಏಳು ತಿಂಗಳಿಗೇ ಅಜ್ಜಿಯ ಮೂಗು ಯಾವುದು, ಅಜ್ಜನ ಮೂಗು ಯಾವುದು ಎಂದು ಹಿಡಿದೇ ಗುರುತಿಸುತ್ತದೆ. ಮಂಡಗದ್ದೆಯಲ್ಲಿ ನನ್ನ ಅಮ್ಮ ಸೊಂಟ ಮುರಿದುಕೊಂಡು ಮಲಗಿದ್ದಳು. ಸಾಗರದ ನಮ್ಮ ಮನೆಗೆ ಬರುವಂತಿರಲಿಲ್ಲ. ಫೋನಿನಲ್ಲೇ ಅಪ್ಪಣೆಯಾಗಿತ್ತು.

"ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವಾಗುತ್ತೆ. ಅಷ್ಟ್ರೊಳಗೆ ಚುಚ್ಚಿ ಮುಗಿಸಿ. ನಂಗೆ ಫೋಟೋ ತಂದು ತೋರ್ಸು."

ಮಗಳು ಶುಭಾಳ ಹತ್ತಿರ ಎರಡು ಕ್ಯಾಮೆರಾ. ಹಳೆಯದು ನನ್ನ ಕೈಗೆ ಬಂತು. ಬೆಳಿಗ್ಗೆಯೇ ಎರಡರ ಗಡಿಯಾರವನ್ನೂ ನಿಮಿಷಕ್ಕೆ ನಿಮಿಷ ಸರಿಮಾಡಿದಳು.

"ಅಮ್ಮಾ, ಫೋಟೋ ತೆಗ್ದ ಹೊತ್ತು ಅದ್ರ ಹೊಟ್ಟೆಯೊಳಗೇ ಬರ್ದಿರುತ್ತೆ. ಅದನ್ನ ನೋಡ್ಕೊಂಡು ಕಂಪ್ಯೂಟರು ನಮ್ಮಿಬ್ರ ಫೋಟೋನೂ ಸಾಲಾಗಿ ಜೋಡ್ಸುತ್ತೆ. ಆಲ್ಬಂನಲ್ಲಿ ಕೆಳಗಡೆ ಟೈಮೂ ಹಾಕ್ಸೋಣ. ಇಲ್ಲಿದೆ ನೋಡು ಗಡಿಯಾರ. ಇದೊಂದು ಮುಟ್ಬೇಡ."

ಚಿತ್ರಕ್ಕೊಂದು ಹೊಟ್ಟೆ, ಹೊಟ್ಟೆಯೊಳಗೆ ಅದರದೇ ಜಾತಕ! ನಾನು ಕ್ಯಾಮೆರಾಕ್ಕೆ ಕೈಮುಗಿದೆ.

ಆದರೆ ಅಕ್ಕಸಾಲಿ ಬರುತ್ತಿದ್ದ ಬಸ್ಸು ಆನಂದಪುರದ ಹತ್ತಿರ ಕೆಟ್ಟು ನಿಂತಿತು. ಅವರು ಬಂದು ಕೂತಾಗ ಹನ್ನೊಂದು ಗಂಟೆ. ನಟ್ಟನಡು ರಾಹುಕಾಲ! ಕಾಯೋಣವೆಂದರೆ, ಮಧ್ಯಾಹ್ನಕ್ಕೆ ಹೊಸನಗರದಲ್ಲಿ ಇನ್ನೆರಡು ಕಿವಿಗಳು ಅವರಿಗಾಗಿ ಕಾಯುತ್ತಿದ್ದವು.

"ಚುಚ್ಚೋದು ಸೂಜಿ ಮಾರಾಯ್ತಿ, ರಾಹು ಅಲ್ಲ. ಸುಮ್ನಿರು," ಎಂದರು ನಮ್ಮ ಯಜಮಾನರು.

ಅವರಿಗೇನು! ಆಲ್ಬಂನಲ್ಲಿ ಹೊತ್ತು ನೋಡಿ ಮಲಗಿದಲ್ಲೇ ಕೊರಗುವವಳು ನನ್ನ ಅಮ್ಮ. ದೇವರ ಕೋಣೆಯ ಬಾಗಿಲ ಹಿಂದೆ ನಿಂತು ಕ್ಯಾಮೆರಾದ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ಅದು ಎಲ್ಲಿದೆ ಎಂದು ಹುಡುಕಬೇಕಾಗಲೇ ಇಲ್ಲ. ಮುಟ್ಟಬೇಡ ಎಂದು ಮಗಳೇ ತೋರಿಸಿದ್ದಳಲ್ಲ!

ಊಟದ ಹೊತ್ತಿಗೆ ಧರ್ಮಬುದ್ಧಿ ಹುಟ್ಟಿತು. ಕದ್ದ ಗಂಟೆಯನ್ನು ವಾಪಸು ಕೊಡೋಣವೆಂದು ಮತ್ತೆ ಗುಂಡಿ ಒತ್ತಿದೆ. ಯಾವುದೋ ಅಂಕಿ ಬದಲಾಯಿತು. ಬದಲಾಯಿತಲ್ಲ, ಸಾಕು!

ಸಂಜೆ ಶುಭಾ ಕಂಪ್ಯೂಟರ್ ತೆರೆದಳು. ಹತ್ತು ಹತ್ತಕ್ಕೆ ಮಗು ಕಿವಿಯಲ್ಲಿ ಚಿನ್ನ ಹೊತ್ತು ಅಳುತ್ತಿದೆ. ಹತ್ತೂವರೆಗೆ ಬರಿಗಿವಿಯಲ್ಲಿ ನಗುತ್ತಿದೆ. ಹನ್ನೊಂದು ಹತ್ತಕ್ಕೆ, ಶುಭಾ ತೆಗೆದ ಫೋಟೋದಲ್ಲಿ, ಪಾಪ, ಮತ್ತೊಮ್ಮೆ ಚುಚ್ಚಿಸಿಕೊಳ್ಳುತ್ತಿದೆ!

"ಬಸ್ಸಿನ್ನೂ ಆನಂದಪುರದಲ್ಲೇ ಇದೆ, ಇಲ್ಲಿ ಕಿವಿಗೆ ಚಿನ್ನ ಬಿದ್ದಾಯ್ತು! ಭಲೇ ಅಕ್ಕಸಾಲಿ!" ಎಂದರು ಯಜಮಾನರು.

"ಅಮ್ಮಾ, ನೀನು ತೆಗ್ದ ಊಟದ ಫೋಟೋ ಎಲ್ಲಿ?"

ಹುಡುಕಿದಾಗ ಹೋದ ವರ್ಷದಲ್ಲಿ ಸಿಕ್ಕವು. ಎಲೆಯ ಮುಂದೆ ಮಗು ನನ್ನ ತೊಡೆಯ ಮೇಲೆ ಕೂತಿದೆ. ಹೋದ ವರ್ಷ ಆ ಮಗು ಹುಟ್ಟಿಯೇ ಇರಲಿಲ್ಲ!

ತಪ್ಪೊಪ್ಪಿಕೊಂಡೆ. ಶುಭಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಫೋಟೋಗಳನ್ನು ಒಟ್ಟಿಗೆ ಹಿಡಿದು, ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಒಂದು ವರ್ಷದ ಮೇಲೊಂದು ಗಂಟೆ ಕೂಡಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಸ್ಸು ಬಂತು, ಅಕ್ಕಸಾಲಿ ಬಂದರು, ಮಗು ಅತ್ತಿತು, ಎಲ್ಲರೂ ಉಂಡರು! ಕಳೆದುಹೋದ ಒಂದು ವರ್ಷವನ್ನು ಬೆರಳ ತುದಿಯಲ್ಲಿ ವಾಪಸು ತಂದ ಮಗಳನ್ನು ನಾನೇ ಹೆತ್ತೆನೇ ಎಂದು ಬೆರಗಾಗಿ ನೋಡಿದೆ.

ಆದರೆ ಹೊತ್ತು ನಿಜವಾಯಿತೆಂದರೆ ರಾಹುಕಾಲವೂ ನಿಜವಾಯಿತು! ಆಲ್ಬಂ ಹಿಡಿದು ಮಂಡಗದ್ದೆಗೆ ಹೋದೆ. ಅಮ್ಮ ಕನ್ನಡಕ ಏರಿಸಿ, ಪುಟ ಮಗುಚಿ, ಅಂಕಿಯ ಮೇಲೆ ಬೆರಳಿಟ್ಟಳು.

"ಹನ್ನೊಂದು ಹತ್ತು."

ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಚಿತ್ರದಲ್ಲಿ ಅಳುತ್ತಿದ್ದ ಮಗುವಿನ ಕೆನ್ನೆ ಸವರಿದಳು.

"ನಿನ್ ಕಿವಿ ಚುಚ್ಚಿದ್ದೂ ರಾಹುಕಾಲ್ದಲ್ಲೇ ಕಣೆ. ಆವತ್ತೂ ಅಕ್ಕಸಾಲಿ ತಡ."

"ಅಯ್ಯೋ! ಏನೂ ಆಗ್ಲಿಲ್ವಾ ಅಮ್ಮಾ?"

"ಓಲೆ ಚೆನ್ನಾಗೇ ನಿಂತ್ವು. ಹೇಳಿದ್ ಮಾತು ಮಾತ್ರ ಇವತ್ತಿಗೂ ಒಳಗೆ ಹೋಗ್ಲಿಲ್ಲ!"