ಎಪ್ಪತ್ತು ನಿಮಿಷದ ನಲ್ಲಿ

ನಲ್ಲಿ ಮೇಸ್ತ್ರಿ ಆ ಭಾನುವಾರ ಬೆಳಿಗ್ಗೆ ಸಿನಿಮಾಕ್ಕೆ ಹೋದದ್ದು ಬರೀ ದಾಕ್ಷಿಣ್ಯಕ್ಕೆ. ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರರ ಬಳಿ ಚಿತ್ರಸಂಘದ ಎರಡು ಪಾಸುಗಳಿದ್ದವು. ಅವರ ಹೆಂಡತಿ, ಹಿಂದಿನ ತಿಂಗಳ ಚಿತ್ರದ ತಲೆನೋವೇ ಇನ್ನೂ ಇಳಿದಿಲ್ಲವೆಂದು ಹಾಸಿಗೆ ಬಿಟ್ಟೇಳಲಿಲ್ಲ.

ದೀಪ ಆರಿತು. ಪರದೆಯ ಮೇಲೆ ಅಡುಗೆಮನೆಯ ಒಂದು ನಲ್ಲಿ ಕಾಣಿಸಿತು. ಟಪ್ ಎಂದು ಹನಿಯೊಂದು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೇಸ್ತ್ರಿ ಕತೆ ಶುರುವಾಗಲೆಂದು ಕಾದ. ಅರ್ಧ ಗಂಟೆಯಾದ ಮೇಲೆ ಕತೆ ಇದೇ ಎಂದು ಗೊತ್ತಾಯಿತು. ಸುತ್ತಲಿನವರೆಲ್ಲ ಗಲ್ಲಕ್ಕೆ ಕೈಕೊಟ್ಟು ಧ್ಯಾನಸ್ಥರಾಗಿದ್ದರೆ ಅವನೊಬ್ಬ ಕೆಂಡದ ಮೇಲೆ ಕೂತವನಂತೆ ಮಿಸುಕಾಡಿದ. ಕೈ ತಾನಾಗಿಯೇ ಎರಡು ಸಲ ಸ್ಪ್ಯಾನರ್ ಹುಡುಕಿಕೊಂಡು ಜೇಬಿಗೆ ಹೋಯಿತು. ಹೆಡ್ಮಾಸ್ತರರು ತೊಡೆ ಚಿವುಟಿ ಕೂರಿಸಿದರು.

ಎಪ್ಪತ್ತು ನಿಮಿಷಕ್ಕೆ ದೀಪ ಹತ್ತಿತು. ಅಭಿಪ್ರಾಯ ಹೇಳುವ ಸರದಿ ಬಂತು. ಅದು ಕಾಲದ ಕಣ್ಣೀರು ಎಂದರು ಹೆಡ್ಮಾಸ್ತರರು. ಹಲ್ಲಿನ ಡಾಕ್ಟರು ತಮ್ಮ ಒಂಟಿತನವೇ ಸೋರಿಹೋದಂತಾಯಿತೆಂದು ಗದ್ಗದಿತರಾದರು. ಮೈಕು ಮೇಸ್ತ್ರಿಯ ಮೂತಿಗೆ ಬಂತು.

"ವಾಷರ್ ಹೋಗಿದೆ," ಎಂದ ಅವನು. "ಹತ್ತು ನಿಮಿಷದ ಕೆಲ್ಸ."

ವೇದಿಕೆಯಲ್ಲಿ ಕೂತಿದ್ದ ಚಿತ್ರದ ನಿರ್ದೇಶಕಿ ದಪ್ಪ ಕನ್ನಡಕದೊಳಗಿಂದಲೇ ಅವನನ್ನು ಸುಟ್ಟಳು. ಹೆಡ್ಮಾಸ್ತರರು ಇವನಾರೋ ತಾವಾರೋ ಎಂಬಂತೆ ಎರಡು ಕುರ್ಚಿ ಆಚೆ ಸರಿದರು.

ಮೇಸ್ತ್ರಿ ಮೆಲ್ಲಗೆ ಹೊರಗೆ ಜಾರಿಕೊಂಡಾಗ ವಯಸ್ಸಾದ ಹೆಂಗಸೊಬ್ಬರು ಹಿಂದೆಯೇ ಬಂದು ಅವನ ಕೈ ಹಿಡಿದುಕೊಂಡರು. ಅವರು ನಿರ್ದೇಶಕಿಯ ತಾಯಿ. ನಲ್ಲಿ ಅವರ ಮನೆಯದೇ.

"ಎರಡು ವರ್ಷದಿಂದ ಅದನ್ನ ಮುಟ್ಟೋಕೂ ಬಿಟ್ಟಿಲ್ಲಪ್ಪ ನನ್ನ ಮಗಳು. ಇಲ್ಲಿ ಅವಳ ಸನ್ಮಾನ ಮುಗಿಯೋದ್ರೊಳಗೆ ಬಂದು ಸರಿ ಮಾಡ್ಕೊಡು."

ಮೇಸ್ತ್ರಿಗೆ ಅರಸುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. ದಾರಿಯಲ್ಲಿ ಸ್ಪ್ಯಾನರು, ಹೊಸ ವಾಷರು ತೆಗೆದುಕೊಂಡು ಅವರ ಮನೆಗೆ ಹೋದವನು ಎಂಟೇ ನಿಮಿಷದಲ್ಲಿ ಕೆಲಸ ಮುಗಿಸಿದ. ಟಪ್ ನಿಂತಿತು. ತಾಯಿ ಆ ಮೌನವನ್ನು ಕೇಳುತ್ತ ಕಣ್ಣು ಮುಚ್ಚಿ ಕುರ್ಚಿಯಲ್ಲೇ ಸುಖವಾಗಿ ಒರಗಿಕೊಂಡರು. ಅವನ ಮೈಯೂ ಹಗುರಾಯಿತು.

ಅಷ್ಟರಲ್ಲಿ ಹೂಗುಚ್ಛ ಹಿಡಿದು ಮಗಳು ಒಳಗೆ ಬಂದಳು. ನಲ್ಲಿಯನ್ನು ನೋಡಿದಳು. ಚಿತ್ರದ ಎರಡನೇ ಭಾಗಕ್ಕೆ ನಾಳೆಯಿಂದಲೇ ಶೂಟಿಂಗ್ ಎಂದು ಕ್ಷೀಣವಾಗಿ ಹೇಳಿದಳು. ಮೇಸ್ತ್ರಿ ಗಾಬರಿಯಿಂದ ಹಳೇ ವಾಷರನ್ನೇ ವಾಪಸ್ ಹಾಕಿಕೊಡುತ್ತೇನೆಂದ. ತಾಯಿ ಅದನ್ನು ಆಗಲೇ ಕಿಟಕಿಯಾಚೆ ಎಸೆದಿದ್ದರು.

ಅವಳು ಸ್ಟೂಲು ಎಳೆದುಕೊಂಡು ನಲ್ಲಿಯ ಎದುರು ಕೂತಳು. ಐದು ನಿಮಿಷ ಅದನ್ನೇ ದಿಟ್ಟಿಸಿದಳು. ತಿರುಗಿದಾಗ ಕಣ್ಣು ತುಂಬಿತ್ತು, ಮುಖ ಅರಳಿತ್ತು.

"ಬೇಡ, ಹೀಗೇ ಇರ್ಲಿ," ಎಂದಳು. "ಎರಡನೇ ಭಾಗದಲ್ಲಿ ಹನಿ ಬೀಳೋದೇ ಇಲ್ಲ. ಮೂರು ಗಂಟೆ. ಚಿತ್ರ ನಿಮಗೇ ಅರ್ಪಣೆ. ಮುಂದಿನ ಸಾಲಲ್ಲಿ ನನ್ನ ಪಕ್ಕದಲ್ಲೇ ಕೂರ್ಬೇಕು, ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ."